ನಳಿಗೆ ಅಂದ್ರೆ ಪೈಪ್ ಅಲ್ಲ ಸ್ವಾಮಿ!

ಪಾಂಡೇಸರಾದಲ್ಲಿ ಲೇತ್ ಮುಂದೆ ನಿಂತು ಇಪ್ಪತ್ತಾರು ವರ್ಷ ಆಯ್ತು. ಡೈಯಿಂಗ್ ಮಿಲ್ಲುಗಳ ಶಾಫ್ಟು, ಬುಷ್ಷು, ಫ್ಲ್ಯಾಂಜು, ಇದೇ ನನ್ನ ಅನ್ನ. ಮೊನ್ನೆ ಕೊಡಗಿನ ಕಡೆಯ ಒಬ್ಬ ಗೆಳೆಯ ಬಂದು, "ಅಣ್ಣ, ತಾತನ ಕೋವಿ ನಳಿಗೆ ತುಕ್ಕು ತಿಂದಿದೆ. ಒಂದು ಹೊಸ ಪೈಪ್ ಕೊರೆದು ಕೊಡಿ, ಊರಿಗೆ ಹೋದಾಗ ಹಾಕಿಸ್ಕೋತೀನಿ" ಅಂದ. ಖಡಾಖಂಡಿತ ಆಗಲ್ಲ ಅಂದೆ. ಅವನಿಗೆ ಸಿಟ್ಟು ಬಂತು. "ಪೈಪ್ ತಾನೇ?" ಅಂತ ಕೇಳಿದ. ಈ ಮಾತಿಗೇ ನನ್ನ ಜಗಳ.

ಇಲ್ಲಿನ ಬಾಯ್ಲರ್ ಪೈಪು ಹತ್ತು ಕೆ.ಜಿ. ಒತ್ತಡ ಹೊತ್ತರೆ ದೊಡ್ಡದು. ರೈಫಲ್ ತೋಟೆ ಸಿಡಿದಾಗ ಚದರ ಸೆಂಟಿಮೀಟರಿಗೆ ಎರಡು ಸಾವಿರ ಕೆ.ಜಿ.ಗೂ ಮೀರಿದ ಒತ್ತಡ, ಅದೂ ನಿಮ್ಮ ಕೆನ್ನೆ ಪಕ್ಕದಲ್ಲಿ! ಬೋಲ್ಟ್ ಮುಖಕ್ಕೂ ತೋಟೆ ಕೂರುವ ಜಾಗಕ್ಕೂ ಇರುವ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ತೋಟೆಯ ಹಿತ್ತಾಳೆ ಹರಿದು ಬಿಸಿ ಗಾಳಿ ಕಣ್ಣಿಗೇ ನುಗ್ಗಬಹುದು. ಅದನ್ನು ಅಳೆಯೋಕೆ ಗೇಜ್ ಬೇಕು, ಹೊಸ ನಳಿಗೆಗೆ ಪರೀಕ್ಷೆ ಬೇಕು. ನನ್ನ ಲೇತಿನಲ್ಲಿ ಎರಡೂ ಇಲ್ಲ.

"ನಮಗೆ ಲೈಸೆನ್ಸೇ ಬೇಡ" ಅಂದ. ನಿಜ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ವರೆಗೆ ವಿಸ್ತರಿಸಿದರು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳೋಕೆ. ತಯಾರಿಕೆ, ರಿಪೇರಿ, ಪರೀಕ್ಷೆಗೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆ ಪರವಾನಗಿ ಬೇಕು. ಅದಿಲ್ಲದೆ ಕೈ ಹಾಕಿದರೆ 2019ರ ತಿದ್ದುಪಡಿ ನಂತರ ಕನಿಷ್ಠ ಏಳು ವರ್ಷ ಜೈಲು. ಮಗಳ ಫೀಸ್ ಕಟ್ಟೋರು ಯಾರು, ಅವನಾ?

ಇನ್ನು ಬೇಟೆಯ ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಯಾವ ಬೇಟೆ ಸ್ವಾಮಿ? ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡ್ತೀರಿ, ಮಾಡಿ. ಪೂಜೆಗೆ ತುಕ್ಕು ಹಿಡಿದ ನಳಿಗೆ ಸಾಕು. ಗುಂಡು ಹಾರಿಸಲೇಬೇಕಾ? ಪರವಾನಗಿ ಇರೋ ಗನ್‌ಸ್ಮಿತ್ ಹತ್ತಿರ ಹೋಗಿ. ದೂರ ಆಗುತ್ತೆ, ದುಬಾರಿ ಆಗುತ್ತೆ ಅಂದ್ರೆ ಹತ್ತಿರಕ್ಕೆ ತನ್ನಿ ಅಂತ ಸರ್ಕಾರದ ಜೊತೆ ಜಗಳ ಆಡಿ, ನಾನೂ ಸಹಿ ಹಾಕ್ತೀನಿ.

ಗೆಳೆಯ ಈಗ ಫೋನ್ ಎತ್ತುತ್ತಿಲ್ಲ. ಇರಲಿ ಬಿಡಿ. ಎತ್ತೋಕೆ ಎರಡು ಕೈ ಉಳಿದಿವೆಯಲ್ಲ, ಅಷ್ಟೇ ಸಾಕು.