ಶಾಲೆ ಮುಗಿದ ಮೇಲೆ ಏನು? ಆಟಿಸಂ ಇರುವ ಮಕ್ಕಳ ಉದ್ಯೋಗ ಮತ್ತು ನಮ್ಮ ಹೊಣೆ

ಪ್ರತಿ ವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಜಾಗೃತಿ ದಿನ ಬರುತ್ತದೆ. ವಿಶ್ವಸಂಸ್ಥೆ 2007ರಲ್ಲಿ ಘೋಷಿಸಿದ ದಿನವಿದು. ಅಂದು ಭಾಷಣಗಳಾಗುತ್ತವೆ, ಮಕ್ಕಳು ವೇದಿಕೆ ಏರಿ ಹಾಡುತ್ತಾರೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆದರೆ ಸಭೆಯಲ್ಲಿ ಕುಳಿತ ತಂದೆತಾಯಿಯರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆಯೇ ಆಗಿರುತ್ತದೆ. ಶಾಲೆ ಮುಗಿದ ಮೇಲೆ ಏನು? ನಮ್ಮ ಕಾಲಾನಂತರ ಇವನಿಗೆ ಯಾರು?

ಕಾನೂನು ಈ ವಿಷಯದಲ್ಲಿ ಸಾಕಷ್ಟು ಮುಂದೆ ಬಂದಿದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಆಟಿಸಂ ಅನ್ನೂ ಸೇರಿಸಿತು. ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿ ನೀಡಿ, ಅದರಲ್ಲಿ ಶೇಕಡಾ 1ನ್ನು ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಹಾಗೂ ಬಹುವಿಧ ವೈಕಲ್ಯ ಇರುವವರಿಗೆ ಒಟ್ಟಾಗಿ ಇಟ್ಟಿತು. ಆದರೆ ಇದೇ ಕಾಯಿದೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುವುದು 6ರಿಂದ 18 ವರ್ಷದವರೆಗೆ ಮಾತ್ರ. ಹದಿನೆಂಟು ತುಂಬಿದ ಮರುದಿನ ಶಾಲೆಯ ವಾಹನ ಮನೆಯೆದುರು ನಿಲ್ಲದಿದ್ದರೆ, ಅಷ್ಟು ವರ್ಷ ಕಲಿತದ್ದೆಲ್ಲ ಮನೆಯ ನಾಲ್ಕು ಗೋಡೆಗಳ ನಡುವೆ ಕರಗಿಹೋಗುವ ಅಪಾಯವಿದೆ.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಆಟಿಸಂ ಇರುವ ಯುವಕ ಕೆಲಸ ಕಳೆದುಕೊಳ್ಳುವುದು ಅನೇಕ ಬಾರಿ ಕೆಲಸ ಬಾರದೆ ಅಲ್ಲ. ಲಕೋಟೆ ಅಂಟಿಸುವುದು, ಗೇರುಬೀಜ ವಿಂಗಡಿಸುವುದು, ಕಂಪ್ಯೂಟರಿನಲ್ಲಿ ಅಂಕಿ ಅಂಶ ತುಂಬುವುದು ಮುಂತಾದವನ್ನು ಅವನು ಇತರರಿಗಿಂತ ಅಚ್ಚುಕಟ್ಟಾಗಿ ಮಾಡಬಲ್ಲ. ಅವನಿಗೆ ಕಷ್ಟವಾಗುವುದು ಊಟದ ಬಿಡುವು, ಹಠಾತ್ತನೆ ಬದಲಾದ ಪಾಳಿ, ಯಂತ್ರದ ಸದ್ದು, ಮೇಲ್ವಿಚಾರಕರ ಅರ್ಧ ಮಾತು.

ನಮ್ಮೂರ ಮಾತನ್ನೇ ನೋಡಿ. ನಾವು "ಮತ್ತೆ ನೋಡುವ" ಎಂದರೆ ಹೆಚ್ಚಿನ ಸಂದರ್ಭದಲ್ಲಿ ಅದರ ಅರ್ಥ "ಇಲ್ಲ" ಎಂದೇ. ಈ ಯುವಕ ಅದನ್ನು ನಂಬಿ ಸಂಜೆಯವರೆಗೂ ಕಾಯುತ್ತಾನೆ. "ಊಟ ಆಯಿತಾ?" ಎಂಬ ಕುಶಲ ಪ್ರಶ್ನೆಗೆ ತಟ್ಟೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಜೊತೆಗೆ ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ತರಗತಿಯಲ್ಲಿ ಆಟದ ನಾಣ್ಯ ಎಣಿಸಲು ಕಲಿತವನಿಗೆ, ತುಳುವಿನಲ್ಲಿ ಅವಸರಿಸುವ ಕಂಡಕ್ಟರನ ಮುಂದೆ ಅದೇ ಲೆಕ್ಕ ತೋಚದೆ ಹೋಗಬಹುದು. ಒಂದೆಡೆ ಕಲಿತದ್ದು ಇನ್ನೊಂದೆಡೆಗೆ ತಾನಾಗಿ ಸಾಗಿ ಬರುವುದಿಲ್ಲ ಎಂಬುದು ಆಟಿಸಂನ ಮುಖ್ಯ ಲಕ್ಷಣಗಳಲ್ಲೊಂದು.

ಆದ್ದರಿಂದ ಕಲಿಕೆ ನಿಜವಾದ ಬಸ್ಸಿನಲ್ಲಿ, ನಿಜವಾದ ಅಂಗಡಿಯಲ್ಲಿ, ನಿಜವಾದ ಬ್ಯಾಂಕಿನ ಕೌಂಟರಿನಲ್ಲಿ ನಡೆಯಬೇಕು. ಹದಿನೇಳರಲ್ಲಿ ಅವಸರದಿಂದ ಅಲ್ಲ, ಹನ್ನೆರಡು ಹದಿಮೂರರಲ್ಲೇ ಆರಂಭವಾಗಬೇಕು. ಅಮೆರಿಕದ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಶಾಪ್ಲರ್ ರೂಪಿಸಿದ, 1972ರಿಂದ ಇಡೀ ರಾಜ್ಯಕ್ಕೆ ವಿಸ್ತರಿಸಿದ ಟೀಚ್ ಪದ್ಧತಿ ಇದಕ್ಕೊಂದು ದಾರಿ ತೋರಿಸಿದೆ. ಮಾಡಬೇಕಾದ ಕೆಲಸ ಯಾವುದು, ಎಷ್ಟು, ಮುಗಿಯಿತೆಂದು ತಿಳಿಯುವುದು ಹೇಗೆ, ಮುಂದೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಅದು ಕಣ್ಣಿಗೆ ಕಾಣುವ ಉತ್ತರ ಕೊಡುತ್ತದೆ. ಎಡಗಡೆಯ ಬುಟ್ಟಿಯಲ್ಲಿ ಇಪ್ಪತ್ತು ಲಕೋಟೆ, ಬಲಗಡೆ ಖಾಲಿ ಬುಟ್ಟಿ, ಗೋಡೆಯಲ್ಲಿ ಮುಂದಿನ ಕೆಲಸದ ಚಿತ್ರ. ಇದಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು.

ನಮ್ಮ ರಾಜ್ಯದಲ್ಲೇ ಆಶಾದಾಯಕ ಉದಾಹರಣೆಗಳಿವೆ. ಸ್ಯಾಪ್ ಎಂಬ ಜರ್ಮನ್ ಸಾಫ್ಟ್‌ವೇರ್ ಸಂಸ್ಥೆ ಬೆಂಗಳೂರಿನ ತನ್ನ ಕೇಂದ್ರದಲ್ಲಿ ಆಟಿಸಂ ಇರುವ ಕೆಲವರನ್ನು ತಂತ್ರಾಂಶ ಪರೀಕ್ಷಕರಾಗಿ ನೇಮಿಸಿಕೊಂಡಿತು. ಆ ಅನುಭವದ ಬಳಿಕ 2013ರಲ್ಲಿ ಇತರ ದೇಶಗಳಿಗೂ ಈ ಯೋಜನೆಯನ್ನು ವಿಸ್ತರಿಸಿತು. 2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಮಿಟ್ಟಿ ಕೆಫೆಯನ್ನು ವಿವಿಧ ವೈಕಲ್ಯಗಳುಳ್ಳವರೇ ನಡೆಸುತ್ತಾರೆ. 2023ರ ನವೆಂಬರ್‌ನಲ್ಲಿ ಅದು ಸುಪ್ರೀಂ ಕೋರ್ಟಿನ ಆವರಣಕ್ಕೂ ತಲುಪಿತು. ಎಲ್ಲರೂ ಹೀಗೆ ದುಡಿಯಬಲ್ಲರು ಎಂದು ನಾವು ಹೇಳುತ್ತಿಲ್ಲ. ಕೆಲವರಿಗೆ ದಿನವಿಡೀ ಆಸರೆ ಬೇಕು. ಆದರೆ ತಾನೇ ಸ್ನಾನ ಮಾಡುವುದು, ಒಂದು ಕಪ್ ಚಹಾ ಮಾಡುವುದು, "ಬೇಡ" ಎಂದು ತಿಳಿಸುವುದು ಕೂಡ ದೊಡ್ಡ ಗಳಿಕೆಯೇ.

ಇನ್ನೊಂದು ಮಾತು. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡು, ಕೈ ಅಲುಗಿಸಬೇಡ ಎಂದು ಮಗುವನ್ನು ತಿದ್ದುವುದೇ ಸಾಮಾಜಿಕ ಕೌಶಲ ಎಂಬ ಭಾವನೆ ಹಿಂದೆ ಇತ್ತು. ಸ್ವತಃ ಆಟಿಸಂ ಇರುವ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ಪ್ರಶ್ನಿಸಿದರು. ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆ ಇದೆ ಎಂದರು. ಹಾಗಿದ್ದ ಮೇಲೆ ಪಾಠದ ಅರ್ಧಭಾಗ ನಮಗೇ ಸಲ್ಲಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ, ಪಾಂಬೂರಿನ ಮಾನಸ ಕೇಂದ್ರ ಮುಂತಾದವು ವಿಶೇಷ ಮಕ್ಕಳಿಗಾಗಿ ಶ್ರಮಿಸುತ್ತಿವೆ. ಆದರೆ ಆ ಹೊಸ್ತಿಲ ಹೊರಗೆ ಕಾಲಿಟ್ಟ ಯುವಕನಿಗೆ ಕೆಲಸ ಕೊಡಬೇಕಾದವರು ನಮ್ಮ ಧರ್ಮಕೇಂದ್ರಗಳಲ್ಲೇ ಇರುವ ಬೇಕರಿ ಮಾಲಕರು, ಮುದ್ರಣಾಲಯದವರು, ಅಂಗಡಿಯವರು. ವಾರಕ್ಕೆ ಎರಡು ಗಂಟೆ, ಒಂದೇ ಕೆಲಸ, ಒಬ್ಬರೇ ಮಾರ್ಗದರ್ಶಿ. ಇಷ್ಟರಿಂದ ಆರಂಭಿಸಬಹುದು. ಹದಿನೆಂಟರ ಬಳಿಕವೂ ಪೂರ್ಣ ಆಸರೆ ಬೇಕಾದವರಿಗೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ ಪೋಷಕತ್ವವನ್ನು ಕಾನೂನುಬದ್ಧಗೊಳಿಸುತ್ತದೆ. ವಾರ್ಡಿನ ಗುರಿಕಾರರು ಇಂತಹ ಮಾಹಿತಿಯನ್ನು ಮನೆಗಳಿಗೆ ತಲುಪಿಸಬಹುದು.

"ಇವನಿಗೆ ಯಾರು?" ಎಂಬ ತಾಯಿಯ ಪ್ರಶ್ನೆಗೆ ಕಾಯಿದೆ ಅರ್ಧ ಉತ್ತರ ಕೊಟ್ಟಿದೆ. ಉಳಿದರ್ಧವನ್ನು ನಾವು "ಮತ್ತೆ ನೋಡುವ" ಎಂದು ಮುಂದೂಡದಿರೋಣ.