ಮೊಡವೆಯೊಳಗಿನ ಉರಿ

ಚಿಗಳ್ಳಿಯಿಂದ ಮುಂಡಗೋಡದ ಕಾಲೇಜಿಗೆ ಹೊರಟ ತರುಣಿ ಕನ್ನಡಿಯ ಮುಂದೆ ಹತ್ತು ನಿಮಿಷ ಹೆಚ್ಚು ನಿಲ್ಲುವಳೆಂದರೆ ಅದು ಶೃಂಗಾರಕ್ಕಲ್ಲ, ಮೊಡವೆಗಾಗಿ. ‘ಮುಖ ತೊಳೆಯುವುದಿಲ್ಲ, ಅದಕ್ಕೇ’ ಎಂಬುದು ಹಿರಿಯರ ತೀರ್ಪು. ಪಾಪ, ಕೊಳೆಯ ಅಪರಾಧವೇನಿಲ್ಲ! ಮೊಡವೆ ಕಾಣಿಸುವ ಮುನ್ನವೇ ರೋಮಕೂಪದ ಸುತ್ತ ದೇಹದ ರಕ್ಷಕ ಕಣಗಳು ನೆರೆದಿರುತ್ತವೆಂದು 2003ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಸಂಶೋಧಕರು ತೋರಿಸಿದರು. ಇಂಟರ್‌ಲ್ಯೂಕಿನ್‌ಗಳೆಂಬ ದೂತದ್ರವ್ಯಗಳು ಅಲ್ಲಿ ಉರಿಯೂತವನ್ನು ಕೆರಳಿಸುತ್ತವೆ. ಅವುಗಳಲ್ಲಿ 17ನೆಯದು ಮೊಡವೆಯೆದ್ದ ಚರ್ಮದಲ್ಲಿ ಹೆಚ್ಚಾಗಿ ಕಂಡುಬಂದಿದೆ. ಉರಿ ಬಹುಕಾಲ ನಿಂತರೆ ಕುಳಿಗಲೆ ಉಳಿಯುವ ಭಯ. ಆದರೆ ರಕ್ತ ಪರೀಕ್ಷಿಸಿ ಮೊಡವೆಯ ತೀವ್ರತೆಯನ್ನಳೆಯುವುದು ಇನ್ನೂ ರೂಢಿಗೆ ಬಂದಿಲ್ಲ. ವೈದ್ಯರ ಕಣ್ಣೇ ಅಳತೆಗೋಲು.

ಗೆಳತಿ ಸೂಚಿಸುವ ಸ್ಟಿರಾಯ್ಡ್ ಮುಲಾಮು ಮೊದಲು ಉರಿಯನ್ನಡಗಿಸಿ, ಬಿಟ್ಟೊಡನೆ ಇಮ್ಮಡಿಯಾಗಿ ಮರಳಿಸುತ್ತದೆ. ಇಂಥ 14 ಔಷಧಿಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ವಿಧಿಸಿತು. ಚೀಟಿ ಕೇಳದ ಅಂಗಡಿಗಳು ಇನ್ನೂ ಇವೆ.