ತೊಟ್ಟಿಲಿಗೂ ಶಾಸ್ತ್ರವಿದೆ
ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಜಾವಳಗಳು ಬರೀ ರೂಢಿ, ಮಂತ್ರವಿಲ್ಲದ ಮೇಲೆ ಸಂಸ್ಕಾರವಲ್ಲ ಎಂಬ ಲೇಖಕರೊಬ್ಬರ ವಾದವನ್ನು ನಾನು ಒಪ್ಪಲಾರೆ. ಷೋಡಶ ಸಂಸ್ಕಾರಗಳ ಹೆಸರೆತ್ತುವವರು ಗೃಹ್ಯಸೂತ್ರಗಳನ್ನಾದರೂ ತೆರೆದು ನೋಡಬೇಕಿತ್ತು. ಮದುವೆಯಲ್ಲಿ ಆಯಾ ನಾಡಿನ, ಊರಿನ ಪದ್ಧತಿ ನಡೆಸಿರಿ ಎನ್ನುತ್ತಾನೆ ಆಶ್ವಲಾಯನ. ಆ ಪದ್ಧತಿಗಳನ್ನು ಹೆಂಗಸರಿಂದ ಕೇಳಿ ತಿಳಿಯಿರಿ ಎನ್ನುತ್ತಾನೆ ಆಪಸ್ತಂಬ.

ನಮ್ಮಲ್ಲಿ ನಡೆಯುವುದೂ ಅದೇ. ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಟ್ಟಿಲ ಕೆಳಗಿಂದ ಮೇಲಕ್ಕೆ ದಾಟಿಸುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಲೆಂದು. ಸೋದರತ್ತಿ ಕಿವಿಯಲ್ಲಿ ಹೆಸರು ಉಸುರಿದ್ದೇ ತಡ, ಅವಳ ಬೆನ್ನಿಗೆ ಗುದ್ದು! ಕುಬಸದ ಹಸಿರು ಬಳಿ, ಉಡಿಯೊಳಗಿನ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಇವು ಬಸುರಿಯ ಭಯವನ್ನು ಇಡೀ ಓಣಿ ಹಂಚಿಕೊಳ್ಳುವ ಬಗೆ. ಇನ್ನು ಲಿಂಗಾಯತರ ಲಿಂಗಧಾರಣೆಯಲ್ಲಿ ಗಂಡುಕೂಸು, ಹೆಣ್ಣುಕೂಸು ಎಂಬ ಭೇದವೇ ಇಲ್ಲ. ಷೋಡಶ ಸಂಸ್ಕಾರಗಳಲ್ಲೊಂದಾದ ಉಪನಯನದ ಬಗ್ಗೆ ಆ ಲೇಖಕರು ಈ ಮಾತು ಹೇಳಬಲ್ಲರೇ?